ಯಾವ ಕಪ್ಪಿಗೆ ಯಾವ ಕಪ್ಪು

ಹಳೆಯ ಕಾರುಗಳ ಜೀರ್ಣೋದ್ಧಾರದ ಬಗ್ಗೆ ಏನೇ ಓದಿದರೂ ಒಂದು ಮಾತು ತಪ್ಪದೆ ಎದುರಾಗುತ್ತದೆ: ಕಾರ್ಖಾನೆಯ ಮೂಲ ಬಣ್ಣವನ್ನೇ ಹೊಂದಿಸಲಾಗಿದೆ. ಹಸಿರು, ನೀಲಿ, ಕೆನೆಬಿಳಿ ಕಾರುಗಳ ವಿಷಯದಲ್ಲಿ ಇದನ್ನು ಒಪ್ಪಿಕೊಂಡು ಮುಂದೆ ಹೋಗಬಹುದು. ಇದೇ ಮಾತು ಫೋರ್ಡ್ ಮಾಡೆಲ್ ಟಿ ಬಗ್ಗೆ ಕಣ್ಣಿಗೆ ಬಿದ್ದಾಗಿನಿಂದ ಮಾತ್ರ ತಲೆಯಲ್ಲಿ ಕೂತುಬಿಟ್ಟಿದೆ. ಕಪ್ಪಿನಲ್ಲಿ ಹೊಂದಿಸುವುದಕ್ಕೆ ಏನಿದೆ? ಅದಕ್ಕೂ ಮೊದಲು ಒಂದು ತಪ್ಪನ್ನು ತಿದ್ದಲೇಬೇಕು, ಕೇಳಿದಾಗಲೆಲ್ಲ ಮೈಯುರಿಸುವ ತಪ್ಪು ಅದು. ಮಾಡೆಲ್ ಟಿ ಕಪ್ಪು ಬಿಟ್ಟು ಬೇರೆ ಬಣ್ಣದಲ್ಲಿ ಬರಲೇ ಇಲ್ಲವಂತೆ! 1908ರಲ್ಲಿ ಶುರುವಾದ ಕಾರು ಮೊದಲ ವರ್ಷಗಳಲ್ಲಿ ಬೂದು, ಹಸಿರು, ಕೆಂಪು ಬಣ್ಣಗಳಲ್ಲಿ ಬಂತು. ಕಪ್ಪು ಮಾತ್ರ ಎಂಬ ಕಟ್ಟಳೆ ನಡೆದದ್ದು 1914ರಿಂದ 1925ರವರೆಗೆ. 1926ರ ಮಾದರಿಗಳಿಗೆ ಬಣ್ಣಗಳು ಮರಳಿದವು. ‘ಕಪ್ಪಾಗಿದ್ದರೆ ಯಾವ ಬಣ್ಣವಾದರೂ ಸರಿ’ ಎಂದು ಹೆನ್ರಿ ಫೋರ್ಡ್ ಹೆಸರಿನಲ್ಲಿ ಓಡಾಡುವ ಒಂದು ಚುರುಕು ಮಾತಿಗಾಗಿ ಆ ಆರಂಭದ ಮತ್ತು ಕೊನೆಯ ವರ್ಷಗಳನ್ನು ಅಳಿಸಿಹಾಕುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಇನ್ನು ಆ ಕಪ್ಪಿನ ವಿಚಾರ. ಮಾಡೆಲ್ ಟಿಯ ಬೇರೆ ಬೇರೆ ಭಾಗಗಳಿಗೆ ಬಳಸಿದ ಕಪ್ಪು ಬಣ್ಣಗಳು 30ಕ್ಕೂ ಹೆಚ್ಚು ಬಗೆಯವು ಎಂದು ಈ ಕಾರಿನ ಇತಿಹಾಸ ಕೆದಕಿದವರು ಗುರುತಿಸಿದ್ದಾರೆ. ಕಾರಣ ಕೆಲಸದ ಕ್ರಮದಲ್ಲೇ ಇದೆ. ಮಡ್‌ಗಾರ್ಡ್‌ನಂಥ ಬರೀ ಲೋಹದ ಭಾಗಗಳನ್ನು ಬಣ್ಣದ ತೊಟ್ಟಿಯಲ್ಲಿ ಅದ್ದಿ ತೆಗೆದು, ಬಿಸಿ ಒಲೆಯಲ್ಲಿ ಬೇಯಿಸುತ್ತಿದ್ದರು. ಒಳಗೆ ಮರದ ಚೌಕಟ್ಟಿದ್ದ ಬಾಡಿಯನ್ನು ಅಷ್ಟು ಬಿಸಿಗೆ ತಳ್ಳುವ ಹಾಗಿರಲಿಲ್ಲ. ಅದರ ಮೇಲೆ ಬಣ್ಣ ಸುರಿದು ಹರಿಯಬಿಟ್ಟು, ಕಡಿಮೆ ಶಾಖದಲ್ಲಿ ಒಣಗಿಸಬೇಕಿತ್ತು. ಒಲೆ ಬೇರೆಯಾದರೆ ಬಣ್ಣದ ಪಾಕವೂ ಬೇರೆ. ಪಾಕದ ಮುಖ್ಯ ಸರಕು ಡಾಂಬರಿನ ಜಾತಿಯ ಆಸ್ಫಾಲ್ಟ್. ಅದು ದಪ್ಪಗೆ ಕೂತಲ್ಲಿ ಕಡುಗಪ್ಪು. ಅಂಚಿನಲ್ಲಿ ತೆಳುವಾದ ಕಡೆ ಬೆಳಕಿಗೆ ಹಿಡಿದರೆ ಲೋಟದ ತಳದಲ್ಲಿ ಉಳಿದ ಡಿಕಾಕ್ಷನ್ನಿನ ಹಾಗೆ ಕಂದು. ಇಂಗಾಲದ ಪುಡಿಯಿಂದ ಮಾಡಿದ ಇಂದಿನ ಕಪ್ಪಿಗೆ ಆ ಕಂದು ಒಳನೋಟವಿಲ್ಲ. ನಮ್ಮ ‘ಕರಿ’ ಶಬ್ದವನ್ನು ಇಲ್ಲಿ ನೆನೆಯಬಹುದು. ಬಣ್ಣವೂ ‘ಕರಿ’, ಎಣ್ಣೆಯಲ್ಲಿ ಕಾಯಿಸುವುದೂ ‘ಕರಿ’, ಸುಟ್ಟು ಉಳಿದದ್ದು ‘ಕರಿಕು’. ಎಣ್ಣೆ ಬೆರೆಸಿ ಒಲೆಯಲ್ಲಿ ಬೇಯಿಸಿದ ಆ ಬಣ್ಣಕ್ಕೆ ಇದಕ್ಕಿಂತ ಒಪ್ಪುವ ಶಬ್ದ ಸಿಗಲಾರದು.

ಕಪ್ಪಿನ ಮಾತು ಬಂದ ಮೇಲೆ ಶೆವ್ರೆಲ್‌ನನ್ನು ಬಿಟ್ಟು ಮುಂದೆ ಹೋಗುವುದು ನನ್ನಿಂದಾಗದು. ರಸಾಯನಶಾಸ್ತ್ರಜ್ಞನಾದ ಅವನು 1824ರಲ್ಲಿ ಪ್ಯಾರಿಸ್ಸಿನ ಗೋಬ್ಲಾ ಕಾರ್ಖಾನೆಯ ಬಣ್ಣದ ಮನೆಗೆ ಮುಖ್ಯಸ್ಥನಾದ. ಅಲ್ಲಿ ನೇಯುತ್ತಿದ್ದ ಚಿತ್ರಗಂಬಳಿಗಳಲ್ಲಿ ನೀಲಿ, ನೇರಳೆ ಉಡುಪಿನ ನೆರಳಿಗೆ ಹಾಕಿದ ಕಪ್ಪು ನೂಲಿಗೆ ಕಸುವಿಲ್ಲ ಎಂಬ ದೂರು ಬಂತು. ಶೆವ್ರೆಲ್ ಬೇರೆ ಊರುಗಳ ಕಪ್ಪು ಉಣ್ಣೆ ತರಿಸಿ ಹೋಲಿಸಿದ. ಅದ್ದಿದ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದ ನೀಲಿ, ನೇರಳೆಗಳೇ ಆ ಕಪ್ಪನ್ನು ಪೇಲವವಾಗಿ ಕಾಣಿಸುತ್ತಿದ್ದವು. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ಮಾರ್ಪಡಿಸುತ್ತವೆ ಎಂಬುದರ ಮೇಲೆ 1839ರಲ್ಲಿ ಅವನು ಇಡೀ ಗ್ರಂಥವನ್ನೇ ತಂದ. ಆಮೇಲಿನ ಚಿತ್ರಕಾರರು ಅದನ್ನು ಶ್ರದ್ಧೆಯಿಂದ ಓದಿದರು. ರಸಾಯನವನ್ನು ಹುಡುಕಹೊರಟವನಿಗೆ ಸಿಕ್ಕದ್ದು ನೆರೆಹೊರೆ. ಬಣ್ಣದ ಡಬ್ಬಿಯ ಮೇಲಿನ ಸಂಖ್ಯೆಯನ್ನು ನೆಚ್ಚುವವರು ಮರೆಯುವುದು ಈ ನೆರೆಹೊರೆಯನ್ನೇ. ಬೆಳಕೂ ಅದರಲ್ಲಿ ಸೇರುತ್ತದೆ: ಬೇರೆ ಬೇರೆ ಸರಕಿನಿಂದ ಮಾಡಿದ ಎರಡು ಬಣ್ಣಗಳು ಬಿಸಿಲಿನಲ್ಲಿ ಒಂದೇ ಆಗಿ ಕಂಡು, ಟ್ಯೂಬ್‌ಲೈಟಿನ ಕೆಳಗೆ ಬೇರೆಯಾಗಬಹುದು.

ಇಷ್ಟು ದೂರ ಬಂದ ಮೇಲೆ, ಪ್ರಶ್ನೆಯನ್ನೇ ತಪ್ಪಾಗಿ ಕೇಳಿಕೊಂಡಿದ್ದೆ ಅನಿಸುತ್ತಿದೆ. ಯಾವ ಬಣ್ಣ ಎಂದು ಕೇಳುವ ಮುಂಚೆ, ಹೊಂದಿಸುವುದು ಯಾವುದಕ್ಕೆ ಎಂದು ಕೇಳಬೇಕಿತ್ತು. ನಮ್ಮ ಕಣ್ಣು ನಿನ್ನೆ ನೋಡಿದ ಬಣ್ಣವನ್ನು ನೆನಪಿಟ್ಟುಕೊಳ್ಳುವುದರಲ್ಲಿ ತೀರ ಸೋಮಾರಿ. ಎದುರಿಗಿರುವ ಎರಡನ್ನು ಹೋಲಿಸುವುದರಲ್ಲಿ ಬಲು ಚುರುಕು. ಬಾಗಿಲು ಹಳೆಯದು, ಮಡ್‌ಗಾರ್ಡ್ ಹೊಸದು ಎಂದಾದರೆ ಕೂದಲೆಳೆಯ ವ್ಯತ್ಯಾಸವೂ ಕಣ್ಣಿಗೆ ಹೊಡೆಯುತ್ತದೆ. ಇಡೀ ಕಾರನ್ನು ಲೋಹ ಕಾಣುವವರೆಗೆ ಉಜ್ಜಿ ಹೊಸದಾಗಿ ಬಳಿದರೆ ಯಾರೂ ಏನೂ ಹೇಳಲಾರರು, ಹೋಲಿಸಲು ಪಕ್ಕದಲ್ಲಿ ಏನೂ ಉಳಿದಿಲ್ಲವಲ್ಲ. ಹಾಗಾದರೆ ‘ಮೂಲ ಬಣ್ಣವನ್ನೇ ಹೊಂದಿಸಿದೆ’ ಎಂದು ಗಟ್ಟಿಯಾಗಿ ಹೇಳುವವರು ಹೆಚ್ಚಾಗಿ ಮೂಲವನ್ನು ಪೂರ್ತಿ ಕೆರೆದು ತೆಗೆದವರೇ. ಅವರ ಮಾತು ಸುಳ್ಳೆನ್ನಲು ಆಧಾರವಿಲ್ಲ. ನಿಜವೆನ್ನಲು ಇದ್ದ ಆಧಾರವನ್ನು ಅವರೇ ಉಜ್ಜಿ ಹಾಕಿದ್ದಾರೆ.

ಯಾರ ಕಣ್ಣಿಗೂ ಕಾಣದ ವ್ಯತ್ಯಾಸಕ್ಕೆ ಇಷ್ಟು ಚರ್ಚೆ ಏಕೆ ಎನ್ನಬಹುದು. ಆದರೆ ಇಲ್ಲಿ ವ್ಯತ್ಯಾಸ ಕಾಣುತ್ತದೆ. ಅಗ್ಗದ ಕಾರಿಗೆ ಅದ್ದಿ ಸುರಿದು ಹಚ್ಚಿದ ಬಣ್ಣದಲ್ಲಿ ಹನಿ ಇಳಿದ ಗುರುತು, ಅಂಚಿನ ಕಂದು ಇದ್ದೇ ಇರುತ್ತಿದ್ದವು. ಗನ್ ಹಿಡಿದು ಸ್ಪ್ರೇ ಮಾಡಿದ ಇಂದಿನ ಮಾಡೆಲ್ ಟಿ ಕನ್ನಡಿಯಂತೆ ಹೊಳೆಯುತ್ತದೆ. ಅಂಥ ಹೊಳಪು ಫೋರ್ಡನ ಕಾರ್ಖಾನೆಯ ಬಾಗಿಲು ದಾಟಿ ಬಂದದ್ದೇ ಇಲ್ಲ. ತುಕ್ಕು ತಿನ್ನುತ್ತಿರುವ ತಗಡನ್ನು ಹಾಗೇ ಬಿಡಲಾದೀತೆ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಬಿಡಲಾಗದು, ಬಳಿಯಲೇಬೇಕು. ಹಳೆಯ ಕಟ್ಟಡಗಳ ಸಂರಕ್ಷಣೆ ಕುರಿತ 1964ರ ವೆನಿಸ್ ಸನ್ನದು ಇದಕ್ಕೊಂದು ದಾರಿ ತೋರಿಸಿದೆ. ಹೊಸದಾಗಿ ಸೇರಿಸಿದ್ದು ಹಳೆಯದರ ಜೊತೆ ಹೊಂದಿಕೊಳ್ಳಬೇಕು, ಆದರೂ ಅದು ಹೊಸದೆಂದು ಗುರುತು ಸಿಗಬೇಕು. ಗೋಡೆಗೆ ಒಪ್ಪಿಕೊಂಡ ಈ ಪ್ರಾಮಾಣಿಕತೆಯನ್ನು ಕಾರಿಗೆ ಬೇಡವೆನ್ನುವುದಕ್ಕೆ ನನಗೆ ಕಾರಣ ಕಾಣುತ್ತಿಲ್ಲ.

ಮಾಡೆಲ್ ಟಿಯಲ್ಲಿ ಪೆಟ್ರೋಲ್ ಟ್ಯಾಂಕು ಇರುವುದು ಸಾಮಾನ್ಯವಾಗಿ ಮುಂದಿನ ಸೀಟಿನ ಕೆಳಗೆ. ಪೆಟ್ರೋಲ್ ಹಾಕಬೇಕಾದರೆ ಮೆತ್ತೆಯನ್ನೇ ಎತ್ತಬೇಕು. ಆ ಪೆಟ್ಟಿಗೆಯ ಒಳಮೂಲೆಗಳಿಗೆ ಬಿಸಿಲು ತಾಕಿಲ್ಲ, ಪಾಲಿಶ್ ಬಟ್ಟೆಯೂ ಅಲ್ಲಿಗೆ ಹೋಗುವುದಿಲ್ಲ. ಹಳೆಯ ಕಪ್ಪು ಎಲ್ಲಾದರೂ ಉಳಿದಿದ್ದರೆ ಇಂಥ ಕಡೆಯೇ. ಉಳಿದೆಲ್ಲ ಕಡೆ ಹೊಸ ಬಣ್ಣ ಬರಲಿ. ಅಂಗೈಯಗಲದ ಆ ಜಾಗಕ್ಕೆ ಉಜ್ಜುಕಾಗದ ತಾಗಿಸದಿದ್ದರೆ, ಮುಂದೆ ಯಾರಾದರೂ ಮೆತ್ತೆ ಎತ್ತಿ ಟಾರ್ಚ್ ಬಿಟ್ಟಾಗ ಎರಡೂ ಕಪ್ಪು ಅವರಿಗೆ ಅಕ್ಕಪಕ್ಕದಲ್ಲೇ ಸಿಗುತ್ತವೆ.