ಇನ್ನೂರು ಆಟ, ನಾಲ್ಕು ಕಪಾಟು

ಮಕ್ಕಳೇ, ಕಂಪ್ಯೂಟರ್ ಆಟ ಮಾರುವ 'ಸ್ಟೀಮ್' 2003ರಿಂದ ಇದೆ. ನನ್ನ ಮೊಮ್ಮಗನ ಖಾತೆಯಲ್ಲಿ ಅಲ್ಲಿಯ 200 ಆಟಗಳಿವೆ. ಹಬ್ಬಕ್ಕೆ ಕೊಟ್ಟ ದುಡ್ಡೆಲ್ಲ ರಿಯಾಯಿತಿ ಮಾರಾಟಕ್ಕೇ ಹೋಗಿದೆ. ಆದರೂ "ಆಡೋಕೆ ಏನೂ ಇಲ್ಲ ತಾತ" ಎಂಬ ರಾಗ! ಪಟ್ಟಿ ಉದ್ದವಾದಷ್ಟೂ ಆರಿಸುವುದು ಕಷ್ಟ.

ಬ್ಯಾಂಕಿನಲ್ಲಿ ಒಂದು ವೋಚರ್ ಒಂದೇ ಕಟ್ಟಿಗೆ ಸೇರಬೇಕು. ಸ್ಟೀಮ್‌ನಲ್ಲಿ ಹಾಗಲ್ಲ. 'ಕಲೆಕ್ಷನ್' ಎಂಬ ಕಪಾಟುಗಳನ್ನು ನಾವೇ ಮಾಡಿಕೊಂಡು, ಒಂದೇ ಆಟವನ್ನು ಎರಡು ಮೂರರಲ್ಲೂ ಇಡಬಹುದು. ನಾವಿಬ್ಬರೂ ಕೂತು ನಾಲ್ಕು ಮಾಡಿದೆವು: ಈಗ ಆಡುತ್ತಿರುವವು, ಅರ್ಧ ಗಂಟೆಗೆ ಸಾಕಾಗುವವು, ಜೊತೆಗೂಡಿ ಆಡುವವು, ಇನ್ನೂ ಮುಟ್ಟದವು. ಮೊದಲನೆಯದರಲ್ಲಿ ಮೂರಕ್ಕಿಂತ ಹೆಚ್ಚು ಇರಕೂಡದು. ಬೇಸಾಯದ ಆಟ 'ಸ್ಟಾರ್‌ಡ್ಯೂ ವ್ಯಾಲಿ' ಮೊದಲನೆಯದರಲ್ಲೂ ಇದೆ, ಮೂರನೆಯದರಲ್ಲೂ ಇದೆ.

ಡಿಸ್ಕ್ ತುಂಬಿದರೆ ಹೆದರಬೇಡಿ. 'ಅನ್‌ಇನ್‌ಸ್ಟಾಲ್' ಮಾಡಿದರೂ ಆಟ ಖಾತೆಯಲ್ಲೇ ಉಳಿಯುತ್ತದೆ, ಬೇಕಾದಾಗ ಮತ್ತೆ ಇಳಿಸಿಕೊಳ್ಳಬಹುದು. ಆದರೆ ಎಷ್ಟು ದೂರ ಆಡಿದ್ದೀರಿ ಎಂಬ 'ಸೇವ್' ಬೇರೆ ವಿಷಯ. ಅದನ್ನು ಕಾಯುವ 'ಸ್ಟೀಮ್ ಕ್ಲೌಡ್' ಎಲ್ಲ ಆಟಗಳಿಗೂ ಇಲ್ಲ. ಇದೆಯೇ ಎಂದು ಮೊದಲು ನೋಡಿ, ಆಮೇಲೆ ಅಳಿಸಿ.

ಅಜ್ಜ ಅಜ್ಜಿಯರೇ, ಯಾವ ಆಟವನ್ನು ಎಷ್ಟು ಗಂಟೆ ಆಡಿದ್ದಾರೆ ಎಂಬ ಲೆಕ್ಕ ಅಲ್ಲೇ ಕಾಣುತ್ತದೆ. ಅದನ್ನು ಹಿಡಿದು ಬೈಯಬೇಡಿ, ನಾಲ್ಕನೆಯ ಕಪಾಟನ್ನು ಜೊತೆಯಲ್ಲಿ ಎಣಿಸಿ. ನಮ್ಮಲ್ಲಿ 118 ಬಂತು. ಬ್ಯಾಂಕಿನ ಭಾಷೆಯಲ್ಲಿ ಇವು ನಿಷ್ಕ್ರಿಯ ಖಾತೆಗಳು. ಎಣಿಕೆ ಮುಗಿದಾಗ ಹುಡುಗ ಸುಮ್ಮನಾದ. ನಂತರ ಅವನೇ ನಿಯಮ ಮಾಡಿದ: ಇವುಗಳಲ್ಲಿ ಐದು ಆಡಿದ ಮೇಲೆ ಹೊಸದೊಂದು.

ನಿಮ್ಮ ಮನೆಯ ಎಣಿಕೆ ಎಷ್ಟು? ಈ ಭಾನುವಾರ ನೋಡಿ.