ನಿದ್ದೆಗಣ್ಣಿನ ಚಾಲಕನೊಬ್ಬನೇ ಅಪರಾಧಿಯೇ?

ಹೆದ್ದಾರಿಯಲ್ಲಿ ಲಾರಿಯೊಂದು ಮಗುಚಿ ಬಿದ್ದರೆ ಮರುದಿನದ ಪತ್ರಿಕೆಗಳಲ್ಲಿ 'ಚಾಲಕನ ಅಜಾಗರೂಕತೆ' ಎಂಬ ಎರಡು ಪದಗಳು ಅಚ್ಚಾಗುತ್ತವೆ. ಮೊಕದ್ದಮೆಯೂ ಅವನ ಮೇಲೆಯೇ ದಾಖಲಾಗುತ್ತದೆ. ಆತ ಎಷ್ಟು ಗಂಟೆಗಳಿಂದ ಕಣ್ಣು ಮುಚ್ಚಿರಲಿಲ್ಲ, ಯಾರ ಮಾತಿಗೆ ಕಟ್ಟುಬಿದ್ದು ಆ ಹೊತ್ತಿನಲ್ಲಿ ಹೊರಟಿದ್ದ ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ನಾವು ಮೊದಲು ನಮ್ಮನ್ನೇ ಕೇಳಿಕೊಳ್ಳಬೇಕಾಗಿದೆ.

ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಚಿಂತಾಕಿ, ತೆಲಂಗಾಣದ ಗಡಿಗೆ ಸಮೀಪದ ಊರು. ಈ ಭಾಗದ ಸೋಯಾಬೀನ್, ತೊಗರಿ, ಹೆಸರು, ಉದ್ದು ಹಾಗೂ ಭಾಲ್ಕಿ ಕಡೆಯ ಕಬ್ಬು ಲಾರಿ, ಟ್ರಾಕ್ಟರುಗಳ ಬೆನ್ನೇರಿಯೇ ಮಾರುಕಟ್ಟೆಯನ್ನೋ ಕಾರ್ಖಾನೆಯನ್ನೋ ಸೇರಬೇಕು. ನಮ್ಮ ಸಮುದಾಯದ ಅನೇಕ ಮನೆಗಳ ಒಲೆ ಉರಿಯುವುದು ಸ್ಟೇರಿಂಗ್ ಹಿಡಿದ ಕೈಗಳಿಂದ. ಲಾರಿ ಮಾಲೀಕರಲ್ಲಿ, ಸರಕು ಕಳುಹಿಸುವ ವ್ಯಾಪಾರಿಗಳಲ್ಲಿಯೂ ನಮ್ಮವರಿದ್ದಾರೆ.

ಸರಳ ಲೆಕ್ಕವೊಂದನ್ನು ಮಾಡೋಣ. ಇಲ್ಲಿಂದ ಮುಂಬೈಗೆ ಸುಮಾರು 600 ಕಿಲೋಮೀಟರ್. ತುಂಬಿದ ಲಾರಿ ಗಂಟೆಗೆ ಸರಾಸರಿ 40 ಕಿಲೋಮೀಟರಿನಂತೆ ಸಾಗಿದರೂ 15 ಗಂಟೆ ಬೇಕು. ಸಂಜೆ ಆರಕ್ಕೆ ಹೊರಟವನು ಎಲ್ಲಿಯೂ ನಿಲ್ಲದಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ತಲುಪಿಯಾನು. ಬೆಳಿಗ್ಗೆ ಆರಕ್ಕೇ ಮಾಲು ಇಳಿಯಬೇಕು, ತಡವಾದರೆ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇವೆ ಎಂದು ಫೋನಿನಲ್ಲಿ ಅಪ್ಪಣೆ ಕೊಡುವವರು, ಆ ಮೂರು ಗಂಟೆಗಳನ್ನು ಚಾಲಕನು ಎಲ್ಲಿಂದ ತರಬೇಕೆಂದು ಹೇಳುವುದಿಲ್ಲ. ಆತ ಅದನ್ನು ತನ್ನ ನಿದ್ದೆಯಿಂದ, ಊಟದಿಂದ, ನಮಾಝ್‌ನಿಂದ ಕಡಿದುಕೊಡುತ್ತಾನೆ. ಕೆಲವೊಮ್ಮೆ ಪ್ರಾಣದಿಂದಲೂ.

ಕಾನೂನು ಇದನ್ನು ಕಾಣದೆ ಇಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿ ವಿಧಿಸಿತ್ತು. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯ ವಿಶ್ರಾಂತಿ ಕಡ್ಡಾಯವಾಗಿತ್ತು. 1988ರ ಮೋಟಾರು ವಾಹನ ಕಾಯ್ದೆಯ 183ನೇ ಕಲಮಿನ ಪ್ರಕಾರ, ವೇಗಮಿತಿ ಮೀರದೆ ಮುಗಿಸಲಾಗದ ಸಮಯವನ್ನು ಗೊತ್ತುಪಡಿಸಿ ಪ್ರಯಾಣಕ್ಕೆ ಆದೇಶಿಸಿದರೆ, ಆ ಆದೇಶವೇ ಕೊಟ್ಟವನ ವಿರುದ್ಧ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಮಿತಿ ಮೀರಿ ಹೇರಿದ ಲಾರಿ ಸಿಕ್ಕಿಬಿದ್ದಾಗ, ಅದು ಮಾಲೀಕನ ಅರಿವಿನಿಂದಲೋ ಆಜ್ಞೆಯಿಂದಲೋ ನಡೆಯಿತೆಂದು ನ್ಯಾಯಾಲಯವು ಭಾವಿಸಬಹುದೆಂದು 113ನೇ ಕಲಮು ಹೇಳುತ್ತದೆ. 2019ರ ತಿದ್ದುಪಡಿಯ ಬಳಿಕ ಇಂತಹ ಹೇರಿಕೆಗೆ 20,000 ರೂಪಾಯಿ ಹಾಗೂ ಹೆಚ್ಚುವರಿ ಟನ್ನಿಗೆ ತಲಾ 2,000 ರೂಪಾಯಿ ದಂಡವಿದೆ. ಓಡಿಸಿದವನಂತೆ ಓಡಿಸಲು ಹಚ್ಚಿದವನೂ ಇದಕ್ಕೆ ಹೊಣೆಗಾರ.

ಆದರೆ ಆಡಳಿತದ ಸಿಟ್ಟೆಲ್ಲ ಎರಗುವುದು ಕೈಗೆ ಸಿಕ್ಕ ಬಡವನ ಮೇಲೆಯೇ. ಅಪಘಾತವೆಸಗಿ ವರದಿ ಮಾಡದೆ ಓಡಿಹೋದ ಚಾಲಕನಿಗೆ ಹತ್ತು ವರ್ಷದವರೆಗಿನ ಸೆರೆವಾಸವನ್ನು ಭಾರತೀಯ ನ್ಯಾಯ ಸಂಹಿತೆ ಸೂಚಿಸಿದಾಗ, 2024ರ ಜನವರಿ ಆರಂಭದಲ್ಲಿ ದೇಶದ ಹಲವೆಡೆ ಚಾಲಕರು ಲಾರಿ ನಿಲ್ಲಿಸಿದರು. ಆ ವರ್ಷದ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಸರಕಾರ ಆ ಉಪಕಲಮನ್ನು ತಡೆಹಿಡಿಯಿತು. ಓಡಿಹೋಗುವುದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಅವನನ್ನು ನಿದ್ದೆಗೆಡಿಸಿ ಕಳುಹಿಸಿದವನ ಕುರಿತು ಅಷ್ಟೇ ಆವೇಶದ ಚರ್ಚೆ ಏಕೆ ನಡೆಯಲಿಲ್ಲ?

ಇನ್ನೊಂದು ಕಂದಕವೂ ಇದೆ. 1961ರ ಕಾಯ್ದೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯು ಎಂಟು ಗಂಟೆಗಳ ತತ್ವವನ್ನು ಉಳಿಸಿಕೊಂಡಿದ್ದರೂ ಸಾರಿಗೆ ಸಂಸ್ಥೆಗಳಿಗೆ ಆ ಸಂಖ್ಯೆಯನ್ನು ಹತ್ತಕ್ಕೆ ಏರಿಸಿದೆ. ಒಂದೆರಡು ಲಾರಿಗಳ ಮಾಲೀಕನ ಬಳಿ ದುಡಿಯುವ ಚಾಲಕ ಅಂದೂ ಹೊರಗಿದ್ದ, ಇಂದೂ ಹೊರಗಿದ್ದಾನೆ.

ಕಾನೂನಿನ ಕೈ ತಲುಪದಲ್ಲಿ ದೇವಭಯ ತಲುಪಬೇಕು. ಪ್ರಯಾಣದ ಕಷ್ಟವನ್ನು ಅರಿತ ಅಲ್ಲಾಹನು ಪ್ರಯಾಣಿಕನಿಗೆ ನಾಲ್ಕು ರಕ್‌ಅತ್‌ಗಳನ್ನು ಎರಡಕ್ಕೆ ಇಳಿಸಿದನು. ರಮಝಾನಿನ ಉಪವಾಸವನ್ನು ಮುಂದೂಡುವ ಅನುಮತಿ ನೀಡಿದನು. ಸೃಷ್ಟಿಕರ್ತನೇ ತನ್ನ ಹಕ್ಕಿನಲ್ಲಿ ರಿಯಾಯಿತಿ ಕೊಟ್ಟಿರುವಾಗ, ಮೂರು ಗಂಟೆ ತಡವಾದುದಕ್ಕೆ ಭತ್ಯೆ ಕಡಿತ ಮಾಡಲು ನಾವು ಯಾರು? ಕೈಕೆಳಗೆ ದುಡಿಯುವವರು ನಿಮ್ಮ ಸಹೋದರರು, ಶಕ್ತಿ ಮೀರಿದ ಹೊರೆ ಹೊರಿಸಬೇಡಿ, ಹೊರಿಸಿದರೆ ನೀವೂ ಕೈಜೋಡಿಸಿ ಎಂಬುದು ಪ್ರವಾದಿ ಮುಹಮ್ಮದ್(ಸ)ರವರ ಬೋಧನೆಯ ತಿರುಳು. ಲಾರಿಯ ಮಟ್ಟಿಗೆ ಈ ಕೈಜೋಡಿಸುವಿಕೆಗೆ ಎರಡನೆಯ ಚಾಲಕ ಎಂದು ಅರ್ಥ.

ಮಾಲೀಕರ ಸಂಕಟವನ್ನೂ ನಾವು ಬಲ್ಲೆವು. ಸಾಲದ ಕಂತು, ಡೀಸೆಲ್, ಟೈರು, ಬಾಡಿಗೆಗಾಗಿ ಪೈಪೋಟಿ. ಒಬ್ಬನೇ ಬಿಗಿಹಿಡಿದರೆ ಸರಕು ಇನ್ನೊಬ್ಬನ ಪಾಲಾಗುತ್ತದೆ. ಆದುದರಿಂದ ಈ ಕೆಲಸ ಒಟ್ಟಾಗಿಯೇ ಆಗಬೇಕು. ಔರಾದ್, ಭಾಲ್ಕಿ, ಬೀದರಿನ ಜಮಾಅತ್‌ಗಳ ಹಿರಿಯರು ಮಾಲೀಕರನ್ನೂ ವ್ಯಾಪಾರಿಗಳನ್ನೂ ಚಾಲಕರನ್ನೂ, ಯಾವ ಧರ್ಮದವರೇ ಇರಲಿ, ಒಂದೆಡೆ ಕೂರಿಸಲಿ. ದೂರದ ಟ್ರಿಪ್ಪಿಗೆ ಇಬ್ಬರು ಚಾಲಕರು ಅಥವಾ ಒಂದು ರಾತ್ರಿಯ ತಂಗುವಿಕೆ, ವಿಶ್ರಾಂತಿಯಿಂದಾದ ತಡಕ್ಕೆ ಕಡಿತವಿಲ್ಲ, ಮಿತಿ ಮೀರಿದ ಹೇರಿಕೆಗೆ ಒಲ್ಲೆನೆಂದವನ ಕೆಲಸಕ್ಕೆ ಕುತ್ತಿಲ್ಲ ಎಂಬ ಮೂರು ಮಾತುಗಳಿಗೆ ಎಲ್ಲರೂ ಬದ್ಧರಾಗಲಿ. ಜುಮಾದ ಪ್ರವಚನಗಳಲ್ಲಿ ಬಡ್ಡಿ, ವರದಕ್ಷಿಣೆಗಳ ಜೊತೆ ಇದೂ ವಿಷಯವಾಗಲಿ. ಚಾಲಕ ಸಹೋದರರೂ ನೆನಪಿಡಲಿ: ಪ್ರಾಣವು ಅಮಾನತ್. ನಿದ್ದೆ ತೂಗುವ ಕಣ್ಣಿನಿಂದ ಲಾರಿ ಓಡಿಸುವುದು ಎದುರು ಬರುವವನ ಅಮಾನತ್ತಿಗೂ ಮಾಡುವ ದ್ರೋಹ.

ಮಾಲು ಮೂರು ಗಂಟೆ ತಡವಾಗಿ ತಲುಪಿದರೆ ಕೆಲವು ನೂರು ರೂಪಾಯಿ ನಷ್ಟವಾದೀತು. ಬಾಗಿಲಲ್ಲಿ ಕಾಯುವ ಮಕ್ಕಳಿಗೆ ತಂದೆ ತಲುಪದಿದ್ದರೆ ಆ ನಷ್ಟವನ್ನು ತುಂಬಿಕೊಡುವವರು ಯಾರು?