ಪಂಚಾಯತ್ ಅಧ್ಯಕ್ಷರಿಗೆ ಪಕ್ಷದ ಹುದ್ದೆ ಬೇಕೇ?

ರಾಯಚೂರು ಜಿಲ್ಲೆಯ ಮಸ್ಕಿ ಕ್ಷೇತ್ರದ ಮತದಾರರು 2018 ಮತ್ತು 2021ರಲ್ಲಿ ಒಂದು ವಿಚಿತ್ರ ಕಂಡರು. ಎರಡೂ ಬಾರಿ ಪ್ರಮುಖ ಅಭ್ಯರ್ಥಿಗಳು ಅದೇ ಇಬ್ಬರು. ಪಕ್ಷಗಳು ಮಾತ್ರ ಅದಲುಬದಲು. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಕೇವಲ 213 ಮತಗಳಿಂದ ಸೋಲಿಸಿದ್ದರು. 2019ರಲ್ಲಿ ಪಾಟೀಲರು ರಾಜೀನಾಮೆ ನೀಡಿ, ಅನರ್ಹಗೊಂಡು, ಬಿಜೆಪಿ ಸೇರಿದರು. 2021ರ ಏಪ್ರಿಲ್ ಉಪಚುನಾವಣೆಯಲ್ಲಿ ತುರ್ವಿಹಾಳರು ಕಾಂಗ್ರೆಸ್‌ನಿಂದ ನಿಂತು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ನಾಯಕರು ಹೀಗೆ ಪಕ್ಷ ಬದಲಿಸಿದಾಗ ಹಳ್ಳಿಯ ಕಾರ್ಯಕರ್ತರೂ ತಾವು ಯಾವ ಕಡೆ ಎಂದು ತೀರ್ಮಾನಿಸಬೇಕಾಗುತ್ತದೆ. ಆ ಕಾರ್ಯಕರ್ತರೇ ಗ್ರಾಮ ಪಂಚಾಯತ್ ಅಧ್ಯಕ್ಷರೂ, ಪಕ್ಷದ ಪದಾಧಿಕಾರಿಯೂ ಆಗಿದ್ದರೆ? ಮನೆ ಮಂಜೂರಾತಿ, ಕುಡಿಯುವ ನೀರು, ಬೀದಿ ದೀಪ ಕೇಳಲು ಬಂದವರು ಮೊದಲು ಅವರ ಪಕ್ಷ ಯಾವುದೆಂದು ನೋಡುವಂತಾಗುತ್ತದೆ. ಈ ಪ್ರಶ್ನೆ ಮಸ್ಕಿಗೆ ಮಾತ್ರವಲ್ಲ, ನಮ್ಮ ಕರಾವಳಿಗೂ ಅನ್ವಯಿಸುತ್ತದೆ.

1987ರಲ್ಲಿ ನಮ್ಮ ರಾಜ್ಯದ ಮಂಡಲ ಪಂಚಾಯತ್ ಚುನಾವಣೆಗಳು ಪಕ್ಷದ ನೆಲೆಯಲ್ಲೇ ನಡೆದಿದ್ದವು. 1993ರ ಪಂಚಾಯತ್ ರಾಜ್ ಕಾಯ್ದೆಯ ನಂತರ ಗ್ರಾಮ ಪಂಚಾಯತ್ ಚುನಾವಣೆಗಳು ಪಕ್ಷರಹಿತವಾಗಿ ನಡೆಯುತ್ತಿವೆ; ಅಭ್ಯರ್ಥಿಗಳು ಪಕ್ಷದ ಚಿಹ್ನೆ ಬಳಸುವಂತಿಲ್ಲ. ಆದರೆ ಗೆದ್ದವರು ಮರುದಿನವೇ ಪಕ್ಷದ ಹುದ್ದೆ ವಹಿಸಿಕೊಳ್ಳಲು ಅಡ್ಡಿಯಿಲ್ಲ. 2020ರ ಡಿಸೆಂಬರ್‌ನಲ್ಲಿ ಫಲಿತಾಂಶ ಬಂದ ಕೂಡಲೇ ಪಕ್ಷಗಳು ಗೆದ್ದವರನ್ನು ತಮ್ಮವರೆಂದು ಎಣಿಸತೊಡಗಿದವು. ಇದಕ್ಕೆ ಕಾರಣವೂ ಉಂಟು. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25ನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. ಚಿಹ್ನೆಯಿಲ್ಲದೆ ಗೆದ್ದವರು ಅಲ್ಲಿ ಪಕ್ಷದ ಅಭ್ಯರ್ಥಿಗೆ ಮತ ಹಾಕಬೇಕಾಗುತ್ತದೆ.

ಸಂಘ ಕಟ್ಟುವ ಸ್ವಾತಂತ್ರ್ಯ ಸಂವಿಧಾನ ಕೊಟ್ಟ ಹಕ್ಕು, ಹುದ್ದೆ ಬಿಡಿ ಎನ್ನುವುದು ಸರಿಯಲ್ಲ ಎಂಬ ವಾದವಿದೆ. ಬೆಂಬಲಕ್ಕೆ ಹಣವೂ ಜಾತಿಯೂ ಇಲ್ಲದ ಬಡ ಸದಸ್ಯನಿಗೆ ಪಕ್ಷವೇ ಆಸರೆ ಎಂಬುದೂ ಸುಳ್ಳಲ್ಲ. ಆದ್ದರಿಂದ ಪಕ್ಷದ ಸದಸ್ಯತ್ವವನ್ನೇ ನಿಷೇಧಿಸಬೇಕಾಗಿಲ್ಲ. ಅಧ್ಯಕ್ಷ, ಉಪಾಧ್ಯಕ್ಷರಾಗಿರುವಷ್ಟು ಕಾಲ ಪಕ್ಷದ ಪದಾಧಿಕಾರ ಬಿಡಬೇಕೆಂಬ ನಿಯಮವಾದರೆ ಸಾಕು.

ಇಂತಹ ಮಾದರಿ ನಮ್ಮಲ್ಲೇ ಇದೆ. ಸಭಾಧ್ಯಕ್ಷರಾದವರು ಪಕ್ಷದ ಸದಸ್ಯತ್ವ ತ್ಯಜಿಸಿದರೆ ಅನರ್ಹತೆ ತಟ್ಟದಂತೆ ಸಂವಿಧಾನದ ಹತ್ತನೇ ಪರಿಚ್ಛೇದವೇ ರಕ್ಷಣೆ ಕೊಟ್ಟಿದೆ. ಅದಕ್ಕೂ ಮೊದಲೇ, 1967ರಲ್ಲಿ ಲೋಕಸಭಾಧ್ಯಕ್ಷರಾದ ನೀಲಂ ಸಂಜೀವ ರೆಡ್ಡಿಯವರು ತಾವಾಗಿಯೇ ಕಾಂಗ್ರೆಸ್ ತೊರೆದಿದ್ದರು.

ಕಾಯ್ದೆ ಬರುವವರೆಗೆ ಕಾಯಬೇಕಾಗಿಲ್ಲ. ಫಲಾನುಭವಿಗಳ ಪಟ್ಟಿ ಗ್ರಾಮ ಸಭೆಯಲ್ಲಿ ಎಲ್ಲರೆದುರು ಓದಿಸುವಂತೆ ನಾವು ಕೇಳಬಹುದು. ಹೊಸ ಅಧ್ಯಕ್ಷರನ್ನು ಅಭಿನಂದಿಸುವಾಗಲೇ, ಪಕ್ಷದ ಹುದ್ದೆ ಬಿಡುವಿರಾ ಎಂದು ಮರ್ಯಾದೆಯಿಂದ ವಿಚಾರಿಸಬಹುದು. ಪಂಚಾಯತ್ ಕಚೇರಿಯ ಬಾಗಿಲು ಸೋತವರ ಮನೆಯವರಿಗೂ ತೆರೆದಿರಬೇಕು.